ಎಲ್ಲಿ ಚುಚ್ಚುತ್ತದೆ ಎಂದು ಕೇಳಿದರು

ಮನೆ, ಹಿಂದಿನ ಕೋಣೆ
ಜೂನ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆಯವರಿಗೆ ನಿಮ್ಮ ಸೊಸೆಯ ನಮಸ್ಕಾರ.

ಮಂಡಿ ಹೇಗಿದೆ? ಅಲ್ಲಿ ಮೆಟ್ಟಿಲು ಜಾಸ್ತಿಯಂತೆ, ನಾದಿನಿ ಹೇಳಿದಳು. ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದು ಸಾಹಸ ಮಾಡಬೇಡಿ, ಕೆಳಗಿನಿಂದ ತರಬೇಕಾದ್ದನ್ನು ಅಳಿಯಂದಿರ ಕೈಯಲ್ಲಿ ತರಿಸಿ, ಅವರ ಕಾಲು ಇನ್ನೂ ಗಟ್ಟಿಯಿದೆ. ಬಾಣಂತಿ ಚೆನ್ನಾಗಿ ಉಣ್ಣುತ್ತಾಳೆಯೇ? ಮಗು ನಿಮ್ಮನ್ನು ಮಲಗಲು ಬಿಡುತ್ತದೆಯೇ? ಬಿಡದಿದ್ದರೆ ಅದು ಸೋದರಮಾವನನ್ನೇ ಹೋಲುತ್ತದೆ ಎಂದುಕೊಳ್ಳಿ. ಇವರು ಹುಟ್ಟಿದ ವರ್ಷ ನೀವು ಕಣ್ಣು ಮುಚ್ಚಲಿಲ್ಲ ಎಂದು ಅದೆಷ್ಟು ಸಲ ಹೇಳಿದ್ದೀರಿ. ಈಗ ಅದೇ ಮಗ ದಿಂಬು ಕಂಡರೆ ಸಾಕು, ಗೋಡೆ ಅದುರುವ ಹಾಗೆ ಗೊರಕೆ. ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಮೊಮ್ಮಗನ ಮುಂದಿನ ಹಲ್ಲು ಬಿದ್ದಿದೆ, ಆ ಸಂದಿನಲ್ಲಿ ಶಿಳ್ಳೆ ಹೊಡೆಯಲು ಕಲಿತಿದ್ದಾನೆ, ಮನೆಯಲ್ಲಿ ಕಿವಿ ಇಟ್ಟುಕೊಂಡು ಕೂರುವ ಹಾಗಿಲ್ಲ. ನಿಮ್ಮ ಮಗ ಬಸ್ ಡಿಪೋದಿಂದ ಬಂದು ಕೈ ತೊಳೆದು ಅಡುಗೆಗೆ ನಿಲ್ಲುತ್ತಾರೆ. ಮಾಡುತ್ತಾರೆ, ಇಲ್ಲ ಎನ್ನುವುದಿಲ್ಲ, ಆದರೆ ಉಪ್ಪಿನ ಡಬ್ಬಿ ಎಲ್ಲಿ ಎಂದು ಪ್ರತಿ ದಿನವೂ ಹೊಸದಾಗಿ ಕೇಳುತ್ತಾರೆ. ನೀವು ಹೋದ ಮೇಲೆ ಬಾಲ್ಕನಿಯ ಕುಂಡಗಳಲ್ಲಿ ಒಂದು ಒಣಗಿತು. ಯಾವುದು ಎಂದು ಈಗ ಹೇಳುವುದಿಲ್ಲ, ಬಂದ ಮೇಲೆ ಬೈಯುವಿರಂತೆ.

ಫೋನ್ ಇರುವಾಗ ಇವಳೇನು ಕಾಗದ ಬರೆಯುತ್ತಾಳೆ ಎಂದು ನಿಮಗೆ ಅನ್ನಿಸಿರುತ್ತದೆ. ಫೋನಿನಲ್ಲಿ ಹೇಗೆ ಹೇಳಲಿ? ನೀವು ಅದನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು ಮಾತಾಡುವವರು. ಆ ಕಡೆ ಅಳಿಯಂದಿರು ಪೇಪರ್ ಓದುತ್ತ ಕೂತಿರುತ್ತಾರೆ, ಈ ಕಡೆ ನಿಮ್ಮ ಮಗ ನನ್ನ ಪಕ್ಕದಲ್ಲೇ ನಿಂತು 'ನಂಗೂ ಕೊಡು, ನಂಗೂ ಕೊಡು' ಎನ್ನುತ್ತಾರೆ. ಇದು ಸ್ಪೀಕರಿನಲ್ಲಿ ಹೇಳುವ ವಿಷಯವಲ್ಲ. ನಾದಿನಿಗೆ ಓದಲು ಕೊಡಬೇಡಿ, ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ನೀವೇ ಹೇಳಿದ್ದೀರಿ. ಕನ್ನಡಕ ಹುಡುಕಿಕೊಂಡು ಒಂದು ಕಡೆ ಬಾಗಿಲು ಹಾಕಿಕೊಂಡು ಓದಿ. ಓದಿದ ಮೇಲೆ ನನ್ನ ಬಗ್ಗೆ ಕೆಟ್ಟದಾಗಿ ಯೋಚಿಸಬೇಡಿ, ಅಷ್ಟೇ ಬೇಡಿಕೆ. ಇದನ್ನು ಬರೆಯಲು ಕೂತು ಆಗಲೇ ಎರಡು ಹಾಳೆ ಹರಿದು ಹಾಕಿದ್ದೇನೆ.

ವಿಷಯ ಬ್ರಾದ್ದು. ನೋಡಿ, ಬರೆದೇಬಿಟ್ಟೆ. ನಮ್ಮ ಮನೆಯಲ್ಲಿ ಆ ಪದವನ್ನು ಯಾರೂ ಇದುವರೆಗೆ ಬಾಯಿಬಿಟ್ಟು ಹೇಳಿಲ್ಲ. ನೀವು 'ಅದು' ಅನ್ನುತ್ತೀರಿ, ನಾನೂ 'ಅದು' ಅನ್ನುತ್ತೇನೆ. ಒಗೆದ ಅದನ್ನು ತಂತಿಯ ಮೇಲೆ ಟವೆಲ್ಲಿನ ಅಡಿಯಲ್ಲಿ ಹಾಕುತ್ತೇವೆ, ಒಣಗಿತೋ ಇಲ್ಲವೋ ಎಂದು ಟವೆಲ್ ಎತ್ತಿ ನೋಡಲೂ ಸಂಕೋಚ, ಹಾಗಾಗಿ ಎಷ್ಟೋ ಸಲ ಹಸಿಯದ್ದನ್ನೇ ತೊಟ್ಟುಕೊಂಡು ಕೆಲಸಕ್ಕೆ ಹೋಗಿದ್ದೇನೆ. ನಾನು ದಿನವೆಲ್ಲ ಹೊಲಿಯುವುದು ಅದನ್ನೇ ಎನ್ನುವುದು ಇನ್ನೂ ತಮಾಷೆ. ನೆರೆಯವರು ಕೇಳಿದರೆ ನೀವು 'ಬಟ್ಟೆ ಫ್ಯಾಕ್ಟರಿ' ಎಂದು ಹೇಳಿ ಮಾತು ತಿರುಗಿಸುತ್ತೀರಿ. ಯಾವ ಬಟ್ಟೆ ಎಂದು ಅವರೂ ಕೇಳುವುದಿಲ್ಲ, ಅವರಿಗೂ ಗೊತ್ತು. ಹಿಂದೆ ಬೆನ್ನಿಗೆ ಬರುವ ಕೊಕ್ಕೆಯ ಪಟ್ಟಿ ಇದೆಯಲ್ಲ, ಅದನ್ನು ಕೂರಿಸುವುದು ನನ್ನ ಮಿಷಿನ್ನಿನ ಕೆಲಸ. ಬಟ್ಟಲು ಒಬ್ಬಳದು, ತಂತಿ ಒಬ್ಬಳದು, ಭುಜದ ಪಟ್ಟಿ ಇನ್ನೊಬ್ಬಳದು, ಕೊಕ್ಕೆ ನನ್ನದು. ಇಡೀ ಬ್ರಾ ಹೇಗೆ ಕೂರುತ್ತದೆ ಎಂದು ನಮ್ಮಲ್ಲಿ ಯಾರೂ ಯೋಚಿಸುವುದಿಲ್ಲ, ಯೋಚಿಸಿದರೆ ದಿನಕ್ಕೆ ಇಷ್ಟೆಂದು ಕೊಟ್ಟ ಗುರಿ ಮುಟ್ಟುವುದಿಲ್ಲ.

ಎರಡು ತಿಂಗಳ ಹಿಂದೆ, ನೀವು ಹೊರಟ ವಾರವೇ, ನಮ್ಮ ಸೂಪರ್‌ವೈಸರ್ ಮಿಷಿನ್ ನಿಲ್ಲಿಸಿ ಹೆಂಗಸರನ್ನೆಲ್ಲ ಸಾಲಾಗಿ ಎಬ್ಬಿಸಿದಳು. ನಾವು ಅವಳನ್ನು ಗಡಿಯಾರ ಎನ್ನುತ್ತೇವೆ, ಅವಳು ಮಿಷಿನ್ ನಿಲ್ಲಿಸಿದ್ದೆಂದರೆ ಏನೋ ದೊಡ್ಡದೇ ಆಗಿರಬೇಕು. ಸಂಗತಿ ಇಷ್ಟು. ಮೇಲಿನ ಮಹಡಿಯಲ್ಲಿ ಹೊಸ ಮಾದರಿಗಳನ್ನು ಮೈಮೇಲೆ ಹಾಕಿ ನೋಡುವ ಒಂದು ಕೋಣೆ ಇದೆ. ಅಲ್ಲಿ ಹಾಕಿಕೊಂಡು ನಿಲ್ಲುತ್ತಿದ್ದ ಹುಡುಗಿ ಮದುವೆಯಾಗಿ ಹೋಗಿಬಿಟ್ಟಿದ್ದಳು. ಅವಳದೇ ಅಳತೆಯ ಇನ್ನೊಬ್ಬಳು ಬೇಕಿತ್ತು, ಒಂದು ಬೆರಳು ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಮಾದರಿಗಳ ನಕ್ಷೆ ಕತ್ತರಿಸುವ ಮೇಡಂ ಟೇಪ್ ಹಿಡಿದುಕೊಂಡು ಪರದೆಯ ಹಿಂದೆ ಕೂತರು, ನಾವು ಒಬ್ಬೊಬ್ಬರಾಗಿ ಒಳಗೆ ಹೋದೆವು. ಹೊರಗೆ ಒಂದೇ ನಗು. ನನ್ನ ಪಕ್ಕದ ಮಿಷಿನ್ನಿನವಳು ಗೊತ್ತಲ್ಲ, ಮಾತಿನ ಮಲ್ಲಿ, ಅವಳಂತೂ 'ನಂದು ಅಳೀಬೇಕಂದ್ರೆ ಎರಡು ಟೇಪ್ ತರ್ಸಿ' ಎಂದು ಎಲ್ಲರ ಹೊಟ್ಟೆ ಹುಣ್ಣಾಗಿಸಿದಳು. ನನ್ನ ಸರದಿ ಬಂತು. ಮೇಡಂ ಅಳೆದರು, ಮತ್ತೆ ಅಳೆದರು, ನಾನು ತೊಟ್ಟಿದ್ದರ ಹಿಂದಿನ ಪಟ್ಟಿಯನ್ನು ಎರಡು ಬೆರಳಿನಿಂದ ಎಳೆದು ನೋಡಿದರು. ಅದು ರಬ್ಬರಿನ ಹಾಗೆ ಅವರ ಜೊತೆಗೇ ಬಂತು. 'ಯಾರು ಕೊಟ್ರು ಇದನ್ನ ನಿಂಗೆ?' ಎಂದು ಕೇಳಿದರು. ಕೆಳಗಿನ ಸುತ್ತು ಎರಡು ಅಳತೆ ದೊಡ್ಡದಂತೆ, ಬಟ್ಟಲು ಎರಡು ಅಳತೆ ಚಿಕ್ಕದಂತೆ. ಇಷ್ಟು ವರ್ಷ ಕೊಕ್ಕೆ ಕೂರಿಸಿದ ನನ್ನ ಮೈಮೇಲೆ ನನ್ನ ಅಳತೆಯದೇ ಇರಲಿಲ್ಲ. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಯಾರು ಕೊಟ್ಟರು ಎಂದು ಏನು ಹೇಳಲಿ, ಅತ್ತೆ? ನಿಮಗೆ ಆ ಅಂಗಡಿ ನೆನಪಿರಬೇಕು, ನಾನು ಈ ಮನೆಗೆ ಬಂದ ಹೊಸತರಲ್ಲಿ ನೀವೇ ಕರೆದುಕೊಂಡು ಹೋಗಿದ್ದಿರಿ. ಮುಂದೆ ಮಕ್ಕಳ ಅಂಗಿ ನೇತು ಹಾಕಿ, ಹಿಂದೆ ಕಪಾಟಿನಲ್ಲಿ ಇವನ್ನು ಇಟ್ಟಿದ್ದರು. ಕೌಂಟರಿನ ಆ ಕಡೆ ಒಬ್ಬ ಗಂಡಸು. ನಾವು ಮೊದಲು ಕರವಸ್ತ್ರ ಕೇಳಿದೆವು, ಆಮೇಲೆ ಮಗುವಿನ ಟೋಪಿ ಕೇಳಿದೆವು, ಆಗ ಮನೆಯಲ್ಲಿ ಮಗುವೇ ಇರಲಿಲ್ಲ. ಬೇರೆ ಗಿರಾಕಿಗಳು ಹೊರಗೆ ಹೋಗುವ ತನಕ ಕಾದು ನೀವು ಕಪಾಟಿನ ಕಡೆ ಗಲ್ಲ ತೋರಿಸಿದಿರಿ. ಅವನು ನನ್ನ ಕಡೆ ಒಂದು ಸಲ ನೋಡಿ, ಡಬ್ಬಿ ತೆಗೆದು, ಪೇಪರಿನಲ್ಲಿ ಸುತ್ತಿ ಕೊಟ್ಟ. ನಾವು ತೆರೆದೂ ನೋಡದೆ ಓಡಿ ಬಂದೆವು. ಅವತ್ತು ಅವನ ಕಣ್ಣಳತೆಗೆ ಬಂದ ಸಂಖ್ಯೆಯನ್ನೇ ನಾನು ಇವತ್ತಿನ ತನಕ ಹೇಳಿಕೊಂಡು ಬಂದೆ. ಮಗ ಹುಟ್ಟಿದ, ಮೈ ಬದಲಾಯಿತು, ಸಂಖ್ಯೆ ಬದಲಾಗಲಿಲ್ಲ. ನಿಮ್ಮನ್ನು ದೂರುತ್ತಿಲ್ಲ, ನಿಮಗಾದರೂ ಯಾರು ಹೇಳಿಕೊಟ್ಟಿದ್ದರು? ನನ್ನ ಅಮ್ಮನಂತೂ ಅಂಗಡಿಗೂ ಬರುತ್ತಿರಲಿಲ್ಲ.

ಮೇಡಂ ಎಲ್ಲರನ್ನೂ ಅಳೆದು ಮುಗಿಸಿದಾಗ ಅವರು ಹುಡುಕುತ್ತಿದ್ದವಳು ನಾನೇ ಎಂದಾಯಿತು. ಬೇಕಾದ ಅಳತೆ ಕೂದಲೆಳೆಯಷ್ಟೂ ತಪ್ಪದೆ ನನ್ನದು. ಹೊರಗೆ ಹೆಂಗಸರು ಚಪ್ಪಾಳೆ ತಟ್ಟಿದರು, ನನಗೆ ಕಳ್ಳತನ ಮಾಡಿ ಸಿಕ್ಕಿಬಿದ್ದ ಹಾಗಾಯಿತು. ಆಗಲ್ಲ ಎಂದೆ. ಮೇಡಂ ಬೇಸರ ಮಾಡಿಕೊಳ್ಳಲಿಲ್ಲ. ಕೋಣೆಯಲ್ಲಿ ಹೆಂಗಸರೇ ಇರುವುದು, ಫೋಟೋ ಗೀಟೋ ಏನೂ ಇಲ್ಲ, ವಾರಕ್ಕೆ ಎರಡು ಹೊತ್ತು, ಉಳಿದ ಹೊತ್ತು ಅಲ್ಲೇ ಮಾದರಿ ಹೊಲಿಯುವ ಕೆಲಸ ಎಂದು ತಿಳಿಸಿ ಹೇಳಿದರು. ಅಲ್ಲಿ ಕಿಟಕಿ ಇದೆ, ಅತ್ತೆ. ಕೆಳಗೆ ಲೈನಿನಲ್ಲಿ ಟ್ಯೂಬ್‌ಲೈಟ್ ಬಿಟ್ಟರೆ ಬೆಳಕೇ ಇಲ್ಲ, ಹಗಲೋ ರಾತ್ರಿಯೋ ಗೊತ್ತಾಗುವುದಿಲ್ಲ. ಆ ಕಿಟಕಿ ನೋಡಿ ನಾನು ಹೂಂ ಎಂದುಬಿಟ್ಟೆ. ಮನೆಗೆ ಬಂದು ನಿಮ್ಮ ಮಗನಿಗೆ 'ಸ್ಯಾಂಪಲ್ ವಿಭಾಗಕ್ಕೆ ಹಾಕಿದ್ದಾರೆ' ಎಂದಷ್ಟೇ ಹೇಳಿದೆ. ಅವರು ಸಂತೋಷಪಟ್ಟು ಡಿಪೋದಲ್ಲೆಲ್ಲ ಹೇಳಿಕೊಂಡು ಬಂದರು, ನನ್ನ ಹೆಂಡ್ತಿ ಮೇಲಿನ ಮಹಡಿಗೆ ಹೋದಳು ಎಂದು. ಅವರು ಹಾಗೆ ಹೇಳಿಕೊಂಡಷ್ಟೂ ನನ್ನ ಬಾಯಿಗೆ ಬೀಗ ಬೀಳುತ್ತ ಬಂತು. ನಾನು ಅಲ್ಲಿ ಮೇಲಂಗಿ ತೆಗೆದು ಕನ್ನಡಿಯ ಮುಂದೆ ನಿಲ್ಲುತ್ತೇನೆ ಎಂದು ಹೇಗೆ ಹೇಳಲಿ? ಕೆಟ್ಟ ಕೆಲಸವಲ್ಲ, ಗೊತ್ತು. ಆದರೂ ಪ್ರತಿ ಸಲ ಆ ಬಾಗಿಲಿನ ಚಿಲಕ ಹಾಕುವಾಗ ಏನೋ ಕದ್ದುಮುಚ್ಚಿ ಮಾಡುತ್ತಿದ್ದೇನೆ ಅನ್ನಿಸುತ್ತದೆ.

ಕೋಣೆ ಚಿಕ್ಕದು. ಕಿಟಕಿಗೆ ಹಾಲಿನ ಬಣ್ಣದ ಗಾಜು, ಉದ್ದದ ಕನ್ನಡಿ, ಒಂದು ಮೇಜು, ಅದರ ಮೇಲೆ ಗುಂಡುಪಿನ್ನು ಮತ್ತು ಸೀಮೆಸುಣ್ಣ. ನಾನು ಬಟ್ಟೆ ಬದಲಿಸುವಾಗ ಮೇಡಂ ಕಿಟಕಿಯ ಕಡೆ ತಿರುಗಿ ನಿಲ್ಲುತ್ತಾರೆ. ಮುಟ್ಟುವ ಮೊದಲು ಎರಡೂ ಕೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತಾರೆ. ಕೈ ಎತ್ತು, ಬಗ್ಗು, ಕೂತ್ಕೋ, ಉಸಿರು ಎಳೆ ಎನ್ನುತ್ತಾರೆ, ನಾನು ಶಾಲೆಯ ಡ್ರಿಲ್ಲಿನ ಹಾಗೆ ಮಾಡುತ್ತೇನೆ. ಆಮೇಲೆ ಕೇಳುತ್ತಾರೆ, 'ಎಲ್ಲಿ ಚುಚ್ಚುತ್ತೆ? ಎಲ್ಲಿ ಎಳೆಯುತ್ತೆ?' ಮೊದಲ ದಿನ ತಂದದ್ದು ತಂತಿಯಿಲ್ಲದ, ಮೆತ್ತಗಿನ ಒಂದು ಮಾದರಿ. ಹಾಕಿಕೊಂಡೆ. ಅತ್ತೆ, ಅದನ್ನು ಹೇಗೆ ಹೇಳಲಿ, ಹಾಕಿಕೊಂಡದ್ದೇ ಮರೆತುಹೋಯಿತು. ಎಲ್ಲವೂ ಅದರದರ ಜಾಗದಲ್ಲಿ ಕೂತಿತ್ತು, ಯಾವುದನ್ನೂ ಯಾವುದೂ ಎಳೆಯುತ್ತಿರಲಿಲ್ಲ. ಬಗ್ಗಿದೆ, ಎದ್ದೆ, ಸರಿಮಾಡಿಕೊಳ್ಳಲು ಕೈ ತಾನಾಗಿ ಹೋಯಿತು, ಸರಿಮಾಡಲು ಏನೂ ಇರಲಿಲ್ಲ. ಅಳು ಬಂದುಬಿಟ್ಟಿತು. ಇಷ್ಟು ಸಣ್ಣ ವಿಷಯಕ್ಕೆ ಅಳುವುದೇ ಎಂದು ನಾಚಿಕೆಯಾಗಿ, ಕಣ್ಣಿಗೆ ಧೂಳು ಬಿತ್ತು ಎಂದೆ. ಆ ಸುಖ ನೆನೆದರೆ ಇನ್ನೂ ನಾಚಿಕೆಯಾಗುತ್ತದೆ. ಮೈ ಇಷ್ಟು ಹಗುರ ಇರಬಹುದು ಎನ್ನುವುದನ್ನು ಯಾರದೋ ಫ್ಯಾಕ್ಟರಿಯಲ್ಲಿ, ಯಾರದೋ ಬಟ್ಟೆ ಹಾಕಿಕೊಂಡು ತಿಳಿದುಕೊಂಡೆ ನೋಡಿ.

ಈಗ ನಿಜವಾದ ಸಂಕಟಕ್ಕೆ ಬರುತ್ತೇನೆ. ಆ ಮೆತ್ತಗಿನದು ಮುಗಿಯಿತು, ತಂತಿಯದೊಂದು ಬಂತು. ದೊಡ್ಡ ಆರ್ಡರಿನದು, ಕೊಳ್ಳುವ ಕಂಪನಿಯವರು ಮೇಲಿಂದ ಮೇಲೆ ಫೋನ್ ಮಾಡುತ್ತಾರೆ. ಹಾಕಿಕೊಂಡ ತಕ್ಷಣ ತಂತಿಯ ತುದಿ ಕಂಕುಳ ಕೆಳಗೆ ಮೂಳೆಗೆ ಒತ್ತಿತು. ಕೈ ಎತ್ತಿದರೆ ಒಳಗೆ ಇಳಿಯುತ್ತದೆ. ಮೇಡಂ ಕೇಳಿದರು, 'ಎಲ್ಲಿ ಚುಚ್ಚುತ್ತೆ?' ನಾನು 'ಎಲ್ಲೂ ಇಲ್ಲ, ಸರಿಯಾಗಿದೆ' ಎಂದೆ. ಯಾಕೆ ಹಾಗೆ ಅಂದೆ ಎಂದು ನನ್ನನ್ನು ನಾನೇ ಕೇಳಿಕೊಂಡು ಸಾಕಾಗಿದೆ. ಚುಚ್ಚುತ್ತೆ ಎಂದರೆ ಎಲ್ಲಿ ಎಂದು ಬೆರಳಿಟ್ಟು ತೋರಿಸಬೇಕು, ಅವರು ಅಲ್ಲೇ ಮುಟ್ಟಿ ನೋಡುತ್ತಾರೆ, ಮತ್ತೆ ಪಿನ್ನು, ಮತ್ತೆ ಸೀಮೆಸುಣ್ಣ, ಮತ್ತೆ ಅರ್ಧ ಗಂಟೆ ಹಾಗೇ ನಿಲ್ಲಬೇಕು. ಬೇಗ ಮುಗಿಸಿ ಅಂಗಿ ಹಾಕಿಕೊಂಡರೆ ಸಾಕು ಅನ್ನಿಸಿತ್ತು. ಮನೆಯಲ್ಲಿ ಹೇಳದೆ ಮಾಡುತ್ತಿರುವ ಕೆಲಸ ಎಷ್ಟು ಚಿಕ್ಕದಾಗಿ ಮುಗಿದರೆ ಅಷ್ಟು ಕಡಿಮೆ ತಪ್ಪು ಎಂದು ಮನಸ್ಸಿನಲ್ಲಿ ಲೆಕ್ಕ. ಇನ್ನೊಂದು ವಿಷಯವೂ ಇದೆ. ಸ್ವಲ್ಪ ಚುಚ್ಚುವುದು ಅದರ ಸ್ವಭಾವ ಎಂದೇ ನಾನು ತಿಳಿದಿದ್ದೆ. ಮುಳ್ಳುಗಿಡಕ್ಕೆ ಮುಳ್ಳಿದ್ದ ಹಾಗೆ. ಅದರ ಬಗ್ಗೆ ಯಾರಾದರೂ ದೂರುತ್ತಾರೆಯೇ?

ಎರಡನೇ ಸಲವೂ ಸರಿಯಾಗಿದೆ ಎಂದೆ. ಒಮ್ಮೆ ಹೇಳಿದ ಮೇಲೆ ಬದಲಿಸುವುದು ಹೇಗೆ? ಆಮೇಲೆ ಮೇಡಂ ಅದನ್ನು ನನ್ನ ಕೈಗೆ ಕೊಟ್ಟು, ಒಂದು ಇಡೀ ದಿನ ತೊಟ್ಟು ಮಿಷಿನ್ ಮೇಲೆ ಕೆಲಸ ಮಾಡಿ ಸಂಜೆ ಬಂದು ಹೇಳು ಎಂದರು. ಅದೂ ಪರೀಕ್ಷೆಯ ಒಂದು ಭಾಗ. ಚಹಾದ ಹೊತ್ತಿಗೆ ಕಂಕುಳ ಕೆಳಗೆ ಉರಿ ಶುರುವಾಯಿತು. ಊಟದ ಹೊತ್ತಿಗೆ ತೋಳು ಮೈಗೆ ತಾಗಿಸಲು ಆಗಲಿಲ್ಲ, ಕೋಳಿ ರೆಕ್ಕೆ ಬಿಚ್ಚಿಕೊಂಡ ಹಾಗೆ ಕೂತು ಉಂಡೆ. ಆಮೇಲೆ ಶೌಚಾಲಯಕ್ಕೆ ಹೋಗಿ ಅದನ್ನು ತೆಗೆದು ಊಟದ ಚೀಲದಲ್ಲಿ ತುರುಕಿದೆ. ಬೇಕಾದೀತು ಎಂದು ನನ್ನ ಹಳೆಯದನ್ನು ಬೆಳಿಗ್ಗೆಯೇ ಚೀಲದಲ್ಲಿ ತಂದಿದ್ದೆ, ಅಂದರೆ ಮೋಸಕ್ಕೆ ಮನೆಯಿಂದಲೇ ತಯಾರಾಗಿ ಹೋಗಿದ್ದೆ. ಸಂಜೆ ತಂತಿಯದನ್ನು ಮತ್ತೆ ತೊಟ್ಟುಕೊಂಡು ಮೇಲೆ ಹೋಗಿ, ದಿನವೆಲ್ಲ ಹಾಕಿದ್ದೆ, ಹೂವಿನ ಹಾಗಿದೆ ಎಂದೆ. ಹೂವಿನ ಹಾಗಿದೆ ಎಂದು ಯಾರೂ ನನ್ನಿಂದ ಕೇಳಿರಲಿಲ್ಲ, ನಾನಾಗಿ ಸೇರಿಸಿದ್ದು. ಮೇಡಂ ನನ್ನ ಬೆನ್ನು ತಟ್ಟಿದರು. ಮನೆಗೆ ಬಂದು ನೋಡಿದರೆ ಅಲ್ಲಿ ಚರ್ಮ ಕಿತ್ತಿತ್ತು. ಇನ್ನೂ ಪೂರ್ತಿ ಒಣಗಿಲ್ಲ.

ಮೊನ್ನೆ ಶುಕ್ರವಾರ ಆ ತಂತಿಯದರದೇ ಒಂದು ಕಟ್ಟು ಪರೀಕ್ಷೆಗೆಂದು ಕೆಳಗೆ ಲೈನಿಗೆ ಬಂತು. ಅವತ್ತು ಕೊಕ್ಕೆಗೆ ಜನ ಕಡಿಮೆ ಎಂದು ಗಡಿಯಾರ ನನ್ನನ್ನೂ ಕೆಳಗೆ ಕರೆಸಿದಳು. ನನ್ನ ಕೈಯಾರೆ ಅದಕ್ಕೇ ಕೊಕ್ಕೆ ಕೂರಿಸಿದೆ. ಮಾತಿನ ಮಲ್ಲಿ ಒಂದನ್ನು ತನ್ನ ಅಂಗಿಯ ಮೇಲೆ ಹಿಡಿದು, 'ಇದು ನಿನ್ನ ಮೈಮೇಲೆ ಒಪ್ಪಿಗೆಯಾಗಿದ್ದಂತಲ್ಲ, ಹೂವಿನ ಹಾಗಿದೆಯಂತಲ್ಲ' ಎಂದಳು. ನಾನು ಹೂಂ ಎಂದೆ. 'ಚೂರು ದೋಷ ಅಂತ ಸೆಕೆಂಡ್ಸ್ ಅಲ್ಲಿ ಕಮ್ಮಿ ಬೆಲೆಗೆ ಬಂದ್ರೆ ನನ್ನ ತಂಗಿಗೆ ತಗೊಳ್ತೀನಿ. ಅವಳು ದಿನಾ ನಿಂತೇ ಕೆಲಸ ಮಾಡೋಳು, ಪಾಪ, ಅವಳಿಗೂ ಒಂದು ಹಿತವಾಗಿರೋದು ಬೇಕು' ಎಂದಳು. ನನ್ನ ಸೂಜಿ ಅಲ್ಲೇ ಮುರಿಯಿತು. ಆ ತಂಗಿಯನ್ನು ನಾನು ನೋಡಿದ್ದೇನೆ, ಬೇಕರಿಯಲ್ಲಿ ಕೆಲಸ ಮಾಡುತ್ತಾಳೆ, ಇಡೀ ದಿನ ಮೇಲಿನ ಕಪಾಟಿಗೆ ಕೈ ಎತ್ತುತ್ತಾಳೆ. ಅವಳೊಬ್ಬಳಾದರೆ ಹೇಗೋ ಕಿವಿಯಲ್ಲಿ ಹೇಳಿಬಿಡಬಹುದು. ಮುಂದಿನ ವಾರದಿಂದ ಬಟ್ಟೆ ಥಾನುಗಟ್ಟಲೆ ಕತ್ತರಿಸುತ್ತಾರೆ, ಅದನ್ನು ಯಾವ ಯಾವ ಊರಿನ ಹೆಂಗಸರು ತೊಡುತ್ತಾರೋ, ಅವರಿಗೆ ಹೋಗಿ ಹೇಳುವವರು ಯಾರು? ಚುಚ್ಚಿದಾಗ ಅವರೂ ಇದು ತಮ್ಮ ಮೈಯದೇ ತಪ್ಪು ಎಂದುಕೊಂಡು ಸುಮ್ಮನಿರುತ್ತಾರೆ, ನನ್ನ ಹಾಗೆ.

ಬುಧವಾರ ಕೊನೆಯ ಒಪ್ಪಿಗೆ. ಕೊಳ್ಳುವ ಕಂಪನಿಯಿಂದ ಒಬ್ಬ ಹೆಂಗಸು ಬರುತ್ತಾರೆ. ಎಲ್ಲರ ಮುಂದೆ ನಾನು ಅದನ್ನು ತೊಟ್ಟು ನಿಲ್ಲಬೇಕು, ಅವರೇ ನನ್ನನ್ನು ಕೇಳುತ್ತಾರೆ. ಸರಿಯಾಗಿದೆ ಎಂದರೆ ಎಲ್ಲ ಮುಗಿಯಿತು, ನಾನು ಕಿಟಕಿಯ ಪಕ್ಕದಲ್ಲೇ ಇರುತ್ತೇನೆ. ಚುಚ್ಚುತ್ತೆ ಎಂದರೆ, ಇಷ್ಟು ದಿನ ಏನು ಮಾಡುತ್ತಿದ್ದೆ ಎನ್ನುವ ಪ್ರಶ್ನೆ ಬರುತ್ತದೆ. ನನ್ನ ಮಾತು ನಂಬಿದ ಮೇಡಂ ತಲೆ ತಗ್ಗಿಸಬೇಕಾಗುತ್ತದೆ. ಕೈ ಬಿಸಿ ಮಾಡಿಕೊಂಡು ಮುಟ್ಟುವ ಅಂಥವರ ಮುಖಕ್ಕೆ ನಾನು ಮಸಿ ಬಳಿಯಬೇಕು. ನನ್ನನ್ನು ಕೆಳಗೆ ಕಳಿಸುತ್ತಾರೆ, ಲೈನಿನಲ್ಲಿ ಸುದ್ದಿಯಾಗುತ್ತದೆ. ಮಾತಿನ ಮಲ್ಲಿಯ ಗಂಡ ನಿಮ್ಮ ಮಗನ ಡಿಪೋದಲ್ಲೇ ಟಿಕೆಟ್ ಕೊಡುವವನು. ನಾನು ಮೇಲಿನ ಮಹಡಿಯಲ್ಲಿ ಏನು ಮಾಡುತ್ತಿದ್ದೆ ಎನ್ನುವುದು ಇವರಿಗೆ ಇನ್ನೊಬ್ಬರ ಬಾಯಿಂದ, ಅದೂ ಹತ್ತು ಜನರ ಮುಂದೆ, ನಗೆಯಾಗಿ ತಿಳಿಯುತ್ತದೆ.

ಅದಕ್ಕೇ ಈ ಕಾಗದ. ನೀವು ಹೇಳಿದರೆ ನಿಮ್ಮ ಮಗ ಕೇಳುತ್ತಾರೆ. ಅವರಿಗೆ ನೀವು ಒಂದು ಮಾತು ತಿಳಿಸಿ ಹೇಳಬೇಕು. ಇದು ಕೆಲಸ, ಕೋಣೆಯಲ್ಲಿ ಹೆಂಗಸರೇ ಇರುತ್ತಾರೆ, ಸೊಸೆ ಮರ್ಯಾದೆ ಬಿಟ್ಟವಳಲ್ಲ ಎಂದು. ನನ್ನ ಬಾಯಿಂದ ಆಗುತ್ತಿಲ್ಲ. ನಿನ್ನೆ ಸಂಜೆ ಹೇಳಲು ಹೋಗಿ, ಚಹಾಕ್ಕೆ ಸಕ್ಕರೆ ಸಾಕೇ ಎಂದು ಕೇಳಿ ಬಂದೆ. ಬುಧವಾರ ನಾನು ಏನು ಹೇಳಲಿ ಎನ್ನುವುದನ್ನೂ ನೀವೇ ಹೇಳಬೇಕು. ನಿಮ್ಮ ಉತ್ತರ ಬರುವಷ್ಟರಲ್ಲಿ ಬುಧವಾರ ಕಳೆದಿರುತ್ತದೆ, ಅಷ್ಟು ದಡ್ಡಿಯಲ್ಲ ನಾನು. ಆದರೂ ನಿಮಗೆ ಬರೆದರೆ ಯಾರಿಗೋ ಹೇಳಿಕೊಂಡ ಹಾಗಾಗುತ್ತದೆ. ಈ ಮನೆಗೆ ಬಂದಾಗಿನಿಂದ ನಾನು ಜಗಳವಾಡಿದ್ದೂ ನಿಮ್ಮ ಹತ್ತಿರ, ಅತ್ತಿದ್ದೂ ನಿಮ್ಮ ಹತ್ತಿರ.

ಮಗುವಿಗೆ ನನ್ನ ಮುದ್ದು. ನಾದಿನಿಗೆ ಚೆನ್ನಾಗಿ ಮಲಗಲು ಹೇಳಿ. ಅಳಿಯಂದಿರಿಗೆ ನಮಸ್ಕಾರ ತಿಳಿಸಿ, ಕಾಗದದಲ್ಲಿ ಏನಿದೆ ಎಂದು ಕೇಳಿದರೆ ಕುಂಡ ಒಣಗಿದ ಸುದ್ದಿ ಎಂದುಬಿಡಿ. ನೀವು ಬೇಗ ಬನ್ನಿ ಎಂದು ಕೇಳುವ ಹಾಗಿಲ್ಲ, ಅಲ್ಲಿ ಬಾಣಂತಿಗೆ ನಿಮ್ಮ ಅವಶ್ಯಕತೆ ಇದೆ. ಆದರೆ ಮನೆ ನಿಮ್ಮ ದಾರಿ ನೋಡುತ್ತಿದೆ.

ನಿಮ್ಮ ಆಶೀರ್ವಾದ ಬೇಡುವ,
ನಿಮ್ಮ ಸೊಸೆ

ತಾ.ಕ. — ಬುಧವಾರ ಸಂಜೆ. ಅತ್ತೆ, ಲಕೋಟೆ ಅಂಟಿಸಿ ಚೀಲದಲ್ಲಿಟ್ಟವಳು ಪೆಟ್ಟಿಗೆಗೆ ಹಾಕದೆ ಮೂರು ದಿನ ಹೊತ್ತು ತಿರುಗಿದೆ. ಈಗ ಕತ್ತರಿಸಿ ಈ ಹಾಳೆ ಸೇರಿಸುತ್ತಿದ್ದೇನೆ, ಇವರು ಕೊನೆಯ ಟಪಾಲಿಗೆ ಹಾಕಿ ಬರುತ್ತೇನೆ ಎಂದು ಚಪ್ಪಲಿ ಹಾಕಿಕೊಂಡು ನಿಂತಿದ್ದಾರೆ. ಇವತ್ತು ಕೊಳ್ಳುವ ಕಂಪನಿಯ ಆ ಹೆಂಗಸು ಕೇಳಿದರು, ನಾನು 'ಸರಿಯಾಗಿದೆ' ಎಂದೇ ಅಂದೆ. ಬಾಯಿಗೆ ಅದೇ ಅಭ್ಯಾಸವಾಗಿತ್ತು. ಆಮೇಲೆ ಅವರು ಕೈ ಎತ್ತಲು ಹೇಳಿದರು. ಎತ್ತಿದೆ, ಗಾಯದ ಮೇಲೆ ತಂತಿ ಇಳಿಯಿತು, ನಾನು 'ಚುಚ್ಚುತ್ತೆ' ಎಂದೆ. ಎಷ್ಟು ಜೋರಾಗಿ ಅಂದೆನೋ, ಎಲ್ಲರೂ ತಿರುಗಿದರು. ಯಾವಾಗಿನಿಂದ ಎಂದು ಮೇಡಂ ಕೇಳಿದರು, ಮೊದಲ ದಿನದಿಂದ ಎಂದೆ. ಅವರು ಬೈಯಲಿಲ್ಲ. ತೋಳು ಎತ್ತಿ ಗಾಯ ನೋಡಿ ಕುರ್ಚಿಯ ಮೇಲೆ ಕೂತುಬಿಟ್ಟರು. ಬಟ್ಟೆ ಕತ್ತರಿಸುವುದನ್ನು ಮುಂದಕ್ಕೆ ಹಾಕಿದ್ದಾರೆ, ತಂತಿ ಗಿಡ್ಡ ಮಾಡುತ್ತಾರಂತೆ. ಮೇಡಂ ಆಮೇಲೆ ನನ್ನ ಮುಖ ನೋಡಿ ಮಾತಾಡಲಿಲ್ಲ. ನಾಳೆ ನಾನು ಕಿಟಕಿಗೋ ಲೈನಿಗೋ ಗೊತ್ತಿಲ್ಲ. ಲೈನಿನವರು ಹೇಳುವ ಮೊದಲು ನಾನೇ ಹೇಳಬೇಕು ಎಂದು ಬಂದವಳೇ ಚೀಲವನ್ನೂ ಇಳಿಸದೆ ನಿಮ್ಮ ಮಗನಿಗೆ ಎಲ್ಲ ಹೇಳಿದೆ. ನೀವು ಇನ್ನು ಅವರಿಗೆ ಏನೂ ಹೇಳಬೇಕಿಲ್ಲ. ಅವರು ಬಚ್ಚಲಲ್ಲಿ ಕೈಯ ಗ್ರೀಸ್ ತೊಳೆಯುತ್ತಿದ್ದರು, ತೊಳೆಯುತ್ತಲೇ ಇದ್ದರು. ಆಮೇಲೆ, 'ನಿನ್ನ ಭುಜದ ಮೇಲೆ ಪಟ್ಟಿ ಕೂರೋ ಕಡೆ ಇರೋ ಆ ಗುಳಿಗಳೂ ಅದರಿಂದಾನೇ ಆಗಿದ್ದಾ?' ಎಂದು ಕೇಳಿದರು. ಹೌದು ಎಂದೆ. 'ಅಮ್ಮನಿಗೂ ಇದೆಯಲ್ಲ. ಚಿಕ್ಕವನಿದ್ದಾಗ ಎತ್ಕೊಂಡ್ರೆ ಅದರಲ್ಲಿ ಬೆರಳು ಇಡ್ತಿದ್ದೆ. ಹೆಂಗಸರ ಭುಜ ಇರೋದೇ ಹಾಗೆ ಅಂದ್ಕೊಂಡಿದ್ದೆ' ಎಂದರು. ಅತ್ತೆ, ನೀವು ಒಬ್ಬರೇ ಇರುವಾಗ ಎರಡು ದಾರ ತೆಗೆದುಕೊಳ್ಳಿ. ಒಂದನ್ನು ಎದೆಯ ಕೆಳಗೆ ಸುತ್ತಿ, ಇನ್ನೊಂದನ್ನು ಎದೆಯ ಮೇಲೆ ಸುತ್ತಿ, ಸೇರಿದ ಕಡೆ ಕತ್ತರಿಸಿ ಲಕೋಟೆಯಲ್ಲಿಟ್ಟು ಕಳಿಸಿ. ಕೆಳಗಿನದಕ್ಕೆ ಗುರುತಿಗೆ ಒಂದು ಗಂಟು ಹಾಕಿ. ನಾನು ಹೊಲಿದು ಕಳಿಸುತ್ತೇನೆ. ಇವರು ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಬರೆಯಲು ಹೇಳುತ್ತಿದ್ದಾರೆ, ಅಮ್ಮನಿಗೆ ಭುಜ ನೋಯುತ್ತಾ ಕೇಳು, ನಂಗೆ ಕೇಳೋಕೆ ನಾಚಿಕೆ ಅಂತ. ನೋಯುತ್ತಾ, ಅತ್ತೆ? ಏನೂ ಇಲ್ಲ, ಎಲ್ಲ ಸರಿಯಾಗಿದೆ ಎಂದು ಮಾತ್ರ ಬರೆಯಬೇಡಿ. ನಾವಿಬ್ಬರೂ ನಂಬುವುದಿಲ್ಲ.